ಓದದೆ ಬಿಟ್ಟ ನಾಲ್ಕು ಸಾಲು

ಸತ್ಯವನ್ನು ಬಚ್ಚಿಡುವುದು ಸುಳ್ಳು ಹೇಳುವುದಕ್ಕಿಂತ ಸಣ್ಣ ಪಾಪವೋ ದೊಡ್ಡ ಪಾಪವೋ ಎಂಬುದು ತಿಳಿದವರು ತಲೆಮಾರುಗಳಿಂದ ಚರ್ಚಿಸುತ್ತ ಬಂದಿರುವ ಗಹನವಾದ ಪ್ರಶ್ನೆ. ನನಗೆ ಈ ಚರ್ಚೆಯಲ್ಲಿ ಆಸಕ್ತಿಯಿಲ್ಲ. ನಾನು ಒಂದು ಶುಕ್ರವಾರ ಮಧ್ಯಾಹ್ನ, ಊಟಕ್ಕೂ ಎಲೆಅಡಿಕೆಗೂ ನಡುವಿನ ಹೊತ್ತಿನಲ್ಲಿ, ಎರಡನ್ನೂ ಮಾಡಿ ಮುಗಿಸಿದವನು.

ಹೋದ ತಿಂಗಳು ನೆಂಟರ ಮದುವೆಗೆಂದು ಶಿವಮೊಗ್ಗಕ್ಕೆ ಹೊರಟವನು ಬೀರೂರು ಜಂಕ್ಷನ್ನಿನಲ್ಲಿ ರೈಲು ಕಾಯುತ್ತ ಕೂತಿದ್ದೆ. ಪಕ್ಕದ ಹಳಿಗೆ ಒಂದು ಡೀಸೆಲ್ ಇಂಜಿನ್ನು ಒಂಟಿಯಾಗಿ ಬಂದು ನಿಂತಿತು. ಅಭ್ಯಾಸಬಲದಿಂದ ಜೇಬಿನ ಪುಸ್ತಕ ತೆಗೆದು ಅದರ ನಂಬರು ಬರೆದುಕೊಂಡೆ. ಈ ವಯಸ್ಸಿನಲ್ಲಿ ಬಿಡಬೇಕಾದ ಚಟಗಳ ಪಟ್ಟಿಯಲ್ಲಿ ನನ್ನ ಹೆಂಡತಿ ಇದನ್ನು ನಶ್ಯಕ್ಕಿಂತ ಮೇಲಿಟ್ಟಿದ್ದಾಳೆ. ಅಷ್ಟರಲ್ಲಿ ಇಂಜಿನ್ನಿನ ಕಡೆಯಿಂದ ಗಾಳಿ ಬೀಸಿ ಬಿಸಿ ಎಣ್ಣೆಯ ವಾಸನೆ ಬಂತು. ಎಣ್ಣೆಯ ಜೊತೆಗೆ ಒದ್ದೆ ಗೋಣಿಯ ವಾಸನೆಯೂ ಇತ್ತು. ನನ್ನ ಮಟ್ಟಿಗೆ ಅದು ರೈಲಿನ ವಾಸನೆಯಲ್ಲ, ನಮ್ಮ ಎಸ್ಟೇಟಿನ ಪಲ್ಪರ್ ಮನೆಯದು, ಮಂಜಯ್ಯನವರದು. ಎದ್ದು ಹೋಗಿ ಬೇರೆ ಬೆಂಚಿನಲ್ಲಿ ಕೂತೆ. ವಾಸನೆ ಅಲ್ಲಿಗೂ ಬಂತು.

ತೊಂಬತ್ತರ ದಶಕದ ನಡುವಿನ ಮಾತು. ಮೂಡಿಗೆರೆಯಿಂದ ಕಳಸದ ಕಡೆ ಹೋಗುವ ದಾರಿಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರಾಗಿದ್ದೆ. ಹೆಸರಿಗೆ ರೈಟರಾದರೂ ಬರೆಯುತ್ತಿದ್ದುದು ಆಳುಗಳ ಹಾಜರಿ, ಮಳೆಯ ಇಂಚು, ಗೊಬ್ಬರದ ಮೂಟೆ. ಉಳಿದ ಸಾಹಿತ್ಯಸೇವೆಯನ್ನು ನಾನು ಚಿಕ್ಕಮಗಳೂರಿನ ಒಂದು ವಾರಪತ್ರಿಕೆಗೆ ಮೀಸಲಿಟ್ಟಿದ್ದೆ. ಅದರಲ್ಲಿ 'ರೈಲ್ವೆ ವಾರ್ತೆ' ಎಂಬ ಅರ್ಧ ಕಾಲಂ ನನ್ನದು. ನಮ್ಮ ತಾಲ್ಲೂಕಿನಲ್ಲಿ ರೈಲಿಲ್ಲ. ಜಿಲ್ಲಾ ಕೇಂದ್ರಕ್ಕೂ ಆಗ ರೈಲಿರಲಿಲ್ಲ. ಈ ಸಂಗತಿಯನ್ನು ನಾನೇ ಪ್ರಾಮಾಣಿಕವಾಗಿ ಸಂಪಾದಕರ ಗಮನಕ್ಕೆ ತಂದಾಗ ಅವರು, ಇಲ್ಲದಿರುವುದೇ ಒಳ್ಳೆಯದು ಮಾರಾಯ್ರೆ, ತಪ್ಪು ಬರೆದರೂ ಕೇಳಲಿಕ್ಕೆ ಯಾರೂ ಬರುವುದಿಲ್ಲ ಎಂದು ಒಪ್ಪಿಗೆ ಕೊಟ್ಟಿದ್ದರು.

ಹಾಗಾಗಿ ನಾನು ತಿಂಗಳಿಗೊಂದು ಭಾನುವಾರ ಬಸ್ಸು ಹತ್ತಿ ಸಕಲೇಶಪುರಕ್ಕೆ ಇಳಿಯುತ್ತಿದ್ದೆ. ಸ್ಟೇಷನ್ನಿನ ಆಚೆ ತುದಿಯಲ್ಲಿ ನಿಂತು, ಘಾಟಿ ಹತ್ತಿ ಬಂದ ಇಂಜಿನ್ನುಗಳ ನಂಬರು ಬರೆದುಕೊಳ್ಳುತ್ತಿದ್ದೆ. ಒಮ್ಮೆ ಒಬ್ಬ ಪೊಲೀಸಿನವನು ಬಂದು ಎಂತ ಬರೀತಿದ್ದೀರಿ ಎಂದು ಕೇಳಿದ. ಹವ್ಯಾಸ ಎಂದೆ. ಅವನು ಪುಸ್ತಕವನ್ನು ಹಿಂದುಮುಂದು ತಿರುವಿ ನೋಡಿ, "ಅದು ಸರಿ, ಹೊಟ್ಟೆಗೆ ಎಂತ ಮಾಡ್ತೀರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕನಿಕರದಿಂದ ಹೋದ.

ನನ್ನ ಕಾಲಮ್ಮಿಗೆ ಖಚಿತವಾದ ಓದುಗರು ಒಬ್ಬರೇ. ಅವರು ಓದುತ್ತಿರಲಿಲ್ಲ, ಓದಿಸಿಕೊಳ್ಳುತ್ತಿದ್ದರು. ಅವರೇ ಮಂಜಯ್ಯನವರು, ನಮ್ಮ ಎಸ್ಟೇಟಿನ ಪಲ್ಪರ್ ನಡೆಸುವವರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರ ನಮ್ಮ ಸಾವ್ಕಾರರ ತಂದೆಯ ಕಾಲದ್ದು. ಅದು ಮಂಜಯ್ಯನವರ ಮಾತು ಬಿಟ್ಟು ಬೇರೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಬಿಗಿ ಒಂದು ಎಳೆ ಹೆಚ್ಚಾದರೆ ಬೀಜಕ್ಕೆ ಗಾಯವಾಗುತ್ತದೆ, ಒಂದು ಎಳೆ ಸಡಿಲವಾದರೆ ಹಣ್ಣು ಹಾಗೇ ಹಾದುಹೋಗುತ್ತದೆ. ಮಂಜಯ್ಯನವರು ಬಾಗಿಲ ಹೊರಗೆ ನಿಂತು ಬರೀ ಸದ್ದು ಕೇಳಿ ಯಾವ ಬೋಲ್ಟು ಎಷ್ಟು ತಿರುಗಿಸಬೇಕು ಎಂದು ಹೇಳುತ್ತಿದ್ದರು.

ಆ ಕಿವಿ ರೈಲ್ವೆಯಲ್ಲಿ ಪಳಗಿದ್ದು. ಅವರು ಮೊದಲು ಬೀರೂರು–ಶಿವಮೊಗ್ಗ ಮೀಟರ್ ಗೇಜಿನ ಉಗಿ ಇಂಜಿನ್ನಿನಲ್ಲಿ ಫೈರ್‌ಮನ್ ಆಗಿದ್ದವರು. ಶೆಡ್ಡಿನವರು ಇಂಜಿನ್ನುಗಳನ್ನು ನಂಬರಿನ ಕೊನೆಯ ಎರಡು ಅಂಕಿಯಿಂದ ಕರೆಯುತ್ತಿದ್ದರಂತೆ. ಮಂಜಯ್ಯನವರ ಇಂಜಿನ್ನು ಹದಿನೇಳು. ಹನ್ನೊಂದು ವರ್ಷ ಅದರ ಹೊಟ್ಟೆಗೆ ಕಲ್ಲಿದ್ದಲು ಹಾಕಿದ್ದರು. ಒಂದು ದಿನ ತರೀಕೆರೆ ದಾಟಿದ ಮೇಲೆ ಬೆಂಕಿಗೂಡಿನ ಬಾಗಿಲು ತೆಗೆದಾಗ ಕೆಂಡದ ಚೂರು ಹಾರಿ ಎಡಗಣ್ಣಿಗೆ ಬಿತ್ತು. ಮುಂದಿನ ಸ್ಟೇಷನ್ನಿನಲ್ಲಿ ಇಳಿಸಿ ಆಸ್ಪತ್ರೆಗೆ ಸಾಗಿಸಿದರು. ಕಣ್ಣು ಹೋಯಿತು, ಕೆಲಸವೂ ಹೋಯಿತು. ಹೆಂಡತಿ ಪುಟ್ಟಮ್ಮನ ತವರು ನಮ್ಮ ಕಡೆಯಾದ್ದರಿಂದ ಇಲ್ಲಿಗೆ ಬಂದರು. ಉಳಿದ ಬಲಗಣ್ಣಿಗೆ ಈಚೆಗೆ ಪೊರೆ ಬೆಳೆಯುತ್ತಿತ್ತು. ಓದು ಬರುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ.

ಕಣ್ಣಿನ ಬಗ್ಗೆ ಅವರು ದೂರಿದ್ದನ್ನು ನಾನು ಕೇಳಿಲ್ಲ. ಅವರ ದೂರು ಬೇರೆಯೇ. ಡ್ಯೂಟಿ ಮುಗಿದಾಗ ಬೆಂಕಿ ಇಳಿಸಿ, ಕೆಳಗಿಳಿದು, ಇಂಜಿನ್ನಿನ ಮುಂದಿನ ತೊಲೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಆ ಶೆಡ್ಡಿನ ಫೈರ್‌ಮನ್‌ಗಳ ಪದ್ಧತಿಯಂತೆ. ಹನ್ನೊಂದು ವರ್ಷ ತಪ್ಪದೆ ಮಾಡಿದ್ದನ್ನು ಕೊನೆಯ ದಿನ ಮಾಡಲಿಲ್ಲ.

"ಉರಿಯೋ ಬೆಂಕಿ ಹಂಗೇ ಬಿಟ್ಟು ಇಳ್ದೆ ರೈಟ್ರೆ," ಎನ್ನುತ್ತಿದ್ದರು. "ಹೇಳ್ದೆ ಕೇಳ್ದೆ ಮನೆ ಬಿಟ್ಟು ಬಂದಂಗೆ. ಒಂದ್ಸಲ ಹೋಗಿ ಮುಟ್ಟಿ ಬರ್ಬೇಕು, ಅಷ್ಟೇಯ."

ಹಾಗಾದರೆ ಇಷ್ಟು ವರ್ಷ ಏಕೆ ಹೋಗಲಿಲ್ಲ ಎಂದರೆ, ಮೊದಮೊದಲು ಶೆಡ್ಡಿನವರಿಗೆ ಒಂಟಿಗಣ್ಣಿನ ಮುಖ ತೋರಿಸಲು ನಾಚಿಕೆ, ಆಮೇಲೆ ಪಲ್ಪರು. ಆಯುಧಪೂಜೆಗೆ ಮಾತ್ರ ಅವರು ಹಾರ ಒಂದು ಹೆಚ್ಚಿಗೆ ಕಟ್ಟಿಸುತ್ತಿದ್ದರು. ಪಲ್ಪರಿಗೆ ಒಂದು, ಅದನ್ನು ತಿರುಗಿಸುವ ಡೀಸೆಲ್ ಇಂಜಿನ್ನಿಗೆ ಒಂದು, ಮೂರನೆಯದು ಗೋಡೆಯ ಒಂದು ಮೊಳೆಗೆ. ಆ ಮೊಳೆ ಹದಿನೇಳಿನ ಪರವಾಗಿ ಪೂಜೆ ಸ್ವೀಕರಿಸುತ್ತಿತ್ತು. ಹೊಸ ಆಳುಗಳು ಮೊಳೆಗೂ ಕೈ ಮುಗಿದು ಹೋಗುತ್ತಿದ್ದರು.

ಪತ್ರಿಕೆ ಶುಕ್ರವಾರದ ಬಸ್ಸಿಗೆ ಬರುತ್ತಿತ್ತು. ಮಧ್ಯಾಹ್ನ ಊಟ ಮುಗಿಸಿ ನಾವಿಬ್ಬರೂ ಕಾಫಿ ಒಣಗಿಸುವ ಕಣದ ಕಟ್ಟೆಯ ಮೇಲೆ ಕೂರುತ್ತಿದ್ದೆವು. ನಾನು ಬರೆದದ್ದನ್ನು ನಾನೇ, ಯಾರೋ ದೊಡ್ಡವರು ಬರೆದದ್ದೆಂಬ ಗಾಂಭೀರ್ಯದಿಂದ ಓದುತ್ತಿದ್ದೆ. ಮಂಜಯ್ಯನವರು ಬಲಗಿವಿ ನನ್ನ ಕಡೆ ಮಾಡಿ ಕೇಳುತ್ತಿದ್ದರು. ಘಾಟಿಯಲ್ಲಿ ಮಣ್ಣು ಕುಸಿದದ್ದು, ಅರಸೀಕೆರೆಯಲ್ಲಿ ಗಾಡಿ ತಡವಾದದ್ದು, ಸಕಲೇಶಪುರದಲ್ಲಿ ನಾನು ಕಂಡ ನಂಬರುಗಳು. ಮುಗಿದ ಮೇಲೆ ಪ್ರತಿ ವಾರವೂ ಒಂದೇ ಪ್ರಶ್ನೆ: ಬೀರೂರಿನದು ಏನಾದರೂ? ಉಗಿ ಇಂಜಿನ್ನುಗಳನ್ನು ಓಡಿಸುವುದು ನಿಂತು ಹೋಗಿತ್ತು. ಹದಿನೇಳು ಬೀರೂರು ಯಾರ್ಡಿನ ಮೂಲೆಯ ಹಳಿಯ ಮೇಲೆ ತುಕ್ಕು ಹಿಡಿಯುತ್ತ ನಿಂತಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅಲ್ಲಿನ ಪಾರ್ಸೆಲ್ ಗುಮಾಸ್ತ ರಾಮಣ್ಣ ನನ್ನ ವರದಿಗಾರ. ಏನಾದರೂ ನಡೆದರೆ ಕಾರ್ಡು ಬರೆಯುತ್ತಿದ್ದ. ಏನೂ ನಡೆಯುತ್ತಿರಲಿಲ್ಲವಾದ್ದರಿಂದ ಬೀರೂರಿನ ಸುದ್ದಿ ನನ್ನ ಕಾಲಮ್ಮಿನಲ್ಲಿ ಅಪರೂಪ.

ಆ ವರ್ಷ ಬ್ರೆಜಿಲಿನಲ್ಲಿ ಹಿಮ ಬಿದ್ದು ಕಾಫಿ ಸುಟ್ಟುಹೋಗಿ, ಇಲ್ಲಿ ಬೆಲೆ ಏರಿ, ಮೂಡಿಗೆರೆಯ ಪ್ಲಾಂಟರುಗಳ ಮೈಯೆಲ್ಲ ಬೆಚ್ಚಗಾಗಿತ್ತು. ನಮ್ಮಲ್ಲಿ ಫಸಲೂ ಗಿಡ ಬಗ್ಗುವಷ್ಟು. ಡಿಸೆಂಬರ್ ಮೊದಲ ವಾರಕ್ಕೆ ಹಣ್ಣು ಒಟ್ಟಿಗೇ ಕೆಂಪಿಗೆ ತಿರುಗಿತು. ಬಯಲುಸೀಮೆಯಿಂದ ಲಾರಿಯಲ್ಲಿ ಆಳುಗಳು ಬಂದರು. ಇವೆಲ್ಲ ಸಾಲದೆಂಬಂತೆ, ಬರಬಾರದ ಕಾಲದಲ್ಲಿ ಮೂರು ದಿನ ಮಳೆಯೂ ಬಂತು. ಕುಯ್ದ ಹಣ್ಣನ್ನು ಆ ದಿನವೇ ಪಲ್ಪ್ ಮಾಡಬೇಕು. ರಾಶಿ ಹಾಕಿಟ್ಟರೆ ಹುಳಿ ಬಂದು ಬೀಜ ಕೆಡುತ್ತದೆ. ಮಳೆಗೆ ಗಿಡದಲ್ಲಿದ್ದ ಹಣ್ಣು ಬಿರಿಯತೊಡಗಿತು. ಸಾವ್ಕಾರರು ಜೀಪಿನಿಂದ ಇಳಿಯದೆಯೇ ದಿನಕ್ಕೆ ನಾಲ್ಕು ಸಲ ಪಲ್ಪರ್ ಮನೆ ಮುಂದೆ ಹಾದುಹೋಗುತ್ತಿದ್ದರು.

"ರೈಟ್ರೆ, ಮಂಜಯ್ಯ ಹುಷಾರಾಗಿದ್ದಾನೆ ತಾನೆ?" ಎಂದು ಒಂದು ದಿನ ಕೇಳಿದರು.

ಹುಷಾರಾಗಿದ್ದಾರೆ ಎಂದೆ.

"ಮತ್ತೆ ನೋಡ್ಕಳಿ. ಅವನಿಗೆ ಜ್ವರ ಬಂದ್ರೆ ನಾನು ನಿಮ್ಮನ್ನ ಕೇಳ್ತೀನಿ."

ಮಂಜಯ್ಯನವರ ಆರೋಗ್ಯ ನನ್ನ ಇಲಾಖೆಯೆಂದು ಹೀಗೆ ಅಧಿಕೃತವಾಗಿ ತೀರ್ಮಾನವಾದ ವಾರದಲ್ಲೇ ರಾಮಣ್ಣನ ಕಾರ್ಡು ಬಂತು. ಹಳಿ ಅಗಲ ಮಾಡುವ ಕೆಲಸಕ್ಕೆ ಯಾರ್ಡನ್ನು ಖಾಲಿ ಮಾಡುತ್ತಿದ್ದಾರೆ, ಮೂಲೆಯಲ್ಲಿ ನಿಂತ ಹಳೆಯ ಇಂಜಿನ್ನುಗಳನ್ನು ಗುಜರಿಯವರು ಕೊಂಡಿದ್ದಾರೆ, ಹದಿನೇಳೂ ಅದರಲ್ಲಿ ಸೇರಿದೆ, ತಿಂಗಳ ಕೊನೆಯೊಳಗೆ ಕತ್ತರಿಸುತ್ತಾರಂತೆ, ನಿಮ್ಮ ಮಂಜಯ್ಯನವರಿಗೆ ತಿಳಿಸುವುದು.

ನನ್ನ ಪತ್ರಿಕಾ ಜೀವನದಲ್ಲಿ ಕೈಗೆ ಬಂದ ಮೊದಲ ನಿಜವಾದ ಸುದ್ದಿ ಅದು. ಬೇರೆ ಯಾವ ಪತ್ರಿಕೆಯಲ್ಲೂ ಬಂದಿರಲಿಲ್ಲ. ಕಾರ್ಡು ಓದಿದ ಅರ್ಧ ಗಂಟೆಯಲ್ಲಿ ನಾಲ್ಕು ಸಾಲಿನ ವರದಿ ಬರೆದು ಚಿಕ್ಕಮಗಳೂರು ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟೆ. ಪಲ್ಪರ್ ಮನೆ ಅಲ್ಲಿಂದ ಇನ್ನೂರು ಹೆಜ್ಜೆ. ಆ ಇನ್ನೂರು ಹೆಜ್ಜೆ ನಡೆಯಲಿಲ್ಲ.

ಯಾಕೆ ಎಂಬುದಕ್ಕೆ ನಾನು ಅಂದೇ ಕಾರಣಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಹೇಳಿದರೆ ಮಂಜಯ್ಯನವರು ಆ ಕ್ಷಣವೇ ಹೊರಡುತ್ತಾರೆ. ಮೂಡಿಗೆರೆಗೆ ಒಂದು ಬಸ್ಸು, ಚಿಕ್ಕಮಗಳೂರಿಗೆ ಒಂದು, ಬೀರೂರಿಗೆ ಒಂದು; ಹೋಗಿ ಬರಲು ಎರಡು ದಿನ. ಎರಡು ದಿನ ಪಲ್ಪರ್ ನಿಂತರೆ ಎರಡು ದಿನದ ಹಣ್ಣು ಗೊಬ್ಬರದ ಗುಂಡಿಗೆ, ನಾನು ಸಾವ್ಕಾರರ ಮುಂದೆ. ಇದು ನಿಜವೇ. ಆದರೆ ಇದಕ್ಕಿಂತ ನಾಜೂಕಾದ ಇನ್ನೊಂದು ಕಾರಣವಿತ್ತು. ಕೊಯ್ಲು ಮುಗಿಸಿ, ಸಂಕ್ರಾಂತಿ ಆದ ಮೇಲೆ, ನಾನೇ ಅವರನ್ನು ಕರೆದುಕೊಂಡು ಹೋಗಬೇಕು. ಮೂಡಿಗೆರೆಯ ಸ್ಟುಡಿಯೋದವನಿಂದ ಕ್ಯಾಮೆರಾ ಇಸಕೊಳ್ಳಬೇಕು. ಮಂಜಯ್ಯನವರು ಹದಿನೇಳನ್ನು ಮುಟ್ಟುವಾಗ ಫೋಟೋ ತೆಗೆದು ಅರ್ಧ ಕಾಲಮ್ಮಿನ ಬದಲು ಒಂದು ಇಡೀ ಪುಟ ಬರೆಯಬೇಕು. ತಲೆಬರಹವನ್ನೂ ಯೋಚಿಸಿಟ್ಟಿದ್ದೆ. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ತಿಂಗಳ ಕೊನೆ ಎಂಬ ಮಾತು ನನ್ನನ್ನು ಸ್ವಲ್ಪವೂ ಹೆದರಿಸಲಿಲ್ಲ. ವರ್ಷಗಟ್ಟಲೆ ರೈಲು ಕಾದವನಿಗೆ ಒಂದು ನಂಬಿಕೆ ಬೆಳೆದಿರುತ್ತದೆ, ಹಳಿಯ ಮೇಲಿನ ಯಾವ ಕೆಲಸವೂ ಹೇಳಿದ ಹೊತ್ತಿಗೆ ಆಗುವುದಿಲ್ಲ ಎಂದು. ಮೂರು ಗಂಟೆಯ ಗಾಡಿ ಐದಕ್ಕೆ ಬರುತ್ತದೆ. ದೀಪಾವಳಿಗೆ ಎಂದ ಸೇತುವೆ ಯುಗಾದಿಗೂ ಮುಗಿದಿರುವುದಿಲ್ಲ. ಆ ಲೆಕ್ಕಾಚಾರದಲ್ಲಿ ಡಿಸೆಂಬರ್ ಕೊನೆ ಎಂದರೆ ಮಾರ್ಚಿ. ರೈಲಿನ ಗಂಧಗಾಳಿ ಇಲ್ಲದವನಾಗಿದ್ದರೆ ಕಾರ್ಡಿನಲ್ಲಿ ಬರೆದದ್ದನ್ನು ಬರೆದಂತೆ ನಂಬುತ್ತಿದ್ದೆ. ನಾನು ತಜ್ಞನಾಗಿದ್ದೆ.

ಶುಕ್ರವಾರ ಪತ್ರಿಕೆ ಬಂತು. ನಾಲ್ಕು ಸಾಲೂ ತಪ್ಪಿಲ್ಲದೆ ಅಚ್ಚಾಗಿದ್ದವು, ಅದೂ ಅಪರೂಪವೇ. ಮಂಜಯ್ಯನವರು ಕೈಯ ಎಣ್ಣೆಯನ್ನು ಗೋಣಿ ಚೂರಿಗೆ ಒರೆಸಿಕೊಳ್ಳುತ್ತ ಬಂದು ಕಟ್ಟೆಯ ಮೇಲೆ ಕೂತರು. ನಿದ್ದೆಗೆಟ್ಟು ಮುಖ ಬಾಡಿತ್ತು. ನಾನು ಓದಿದೆ. ಘಾಟಿಯ ಸುದ್ದಿ ಓದಿದೆ, ಅರಸೀಕೆರೆಯದು ಓದಿದೆ. ಮೂರನೆಯ ಸುದ್ದಿಯ ಹತ್ತಿರ ಬಂದಾಗ ಕಣ್ಣು ಅದರ ಮೇಲಿಂದ ಹಾದು ನಾಲ್ಕನೆಯದಕ್ಕೆ ಇಳಿಯಿತು. ಧ್ವನಿ ಎಲ್ಲೂ ತಡವರಿಸಲಿಲ್ಲ. ಅಷ್ಟು ಚೆನ್ನಾಗಿ ನಾನು ಎಂದೂ ಓದಿರಲಿಲ್ಲ.

ಮುಗಿದ ಮೇಲೆ ಅವರು ಎಲೆಅಡಿಕೆಯ ಚೀಲ ಬಿಚ್ಚಿದರು.

"ಬೀರೂರಿಂದು ಎಂತದೂ ಇಲ್ವಾ ರೈಟ್ರೆ?"

"ಈ ವಾರ ಇಲ್ಲ ಮಂಜಯ್ಯ."

"ಇಲ್ದಿದ್ರೆ ಒಳ್ಳೇದೇ ಬಿಡಿ," ಎಂದರು. "ಸುದ್ದಿ ಇಲ್ಲ ಅಂದ್ರೆ ಇನ್ನೂ ಅಲ್ಲೇ ನಿಂತದೆ ಅಂತ್ಲೇ ಅರ್ಥ." ಎಲೆಅಡಿಕೆ ಹಾಕಿಕೊಂಡು ಪಲ್ಪರ್ ಮನೆಗೆ ಎದ್ದು ಹೋದರು. ಆ ದಿನ ಹಣ್ಣಿನ ರಾಶಿ ಬಾಗಿಲಿಗಿಂತ ಎತ್ತರವಿತ್ತು.

ಸಂಜೆ ನನ್ನ ಹೆಂಡತಿ ಪತ್ರಿಕೆ ಓದಿ, ಮಂಜಯ್ಯನವರಿಗೆ ಹೇಳಿದಿರಾ ಎಂದು ಕೇಳಿದಳು. ಕೊಯ್ಲು ಮುಗೀಲಿ, ಹೇಗೂ ತಡ ಆಗ್ತದೆ ಎಂದೆ. ಅವಳು ಪತ್ರಿಕೆ ಮಡಚಿಟ್ಟು, "ನಿಮ್ಮ ಅನುಕೂಲ ನೋಡ್ಕಂಡು ತಡ ಆಗಕ್ಕೆ ಅದೇನು ನಿಮ್ಮ ಮಾವನ ಮನೆ ರೈಲಾ?" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಆಮೇಲೆ ಐದು ಶುಕ್ರವಾರ ಕಳೆದವು. ಐದು ಸಲವೂ ಆ ಪ್ರಶ್ನೆ ಕೇಳಿದರು, ಐದು ಸಲವೂ ನಾನು ಇಲ್ಲ ಎಂದೆ. ಅಷ್ಟರಲ್ಲಿ ಅದು ಒಂದು ಮಟ್ಟಿಗೆ ಸತ್ಯವೂ ಆಗಿತ್ತು. ಆ ವಾರಗಳಲ್ಲಿ ಬೀರೂರಿನದು ನಿಜವಾಗಿಯೂ ಏನೂ ಅಚ್ಚಾಗಿರಲಿಲ್ಲ. ಇಂಥ ಸತ್ಯಗಳು ಎಷ್ಟು ಬೇಗ ಕೈಗೆ ಸಿಗುತ್ತವೆ ಎಂದು ನನಗೇ ಆಶ್ಚರ್ಯವಾಗುತ್ತಿತ್ತು. ಸಿಪ್ಪೆ ಸುಲಿದ ಬೀಜ, ಅಂದರೆ ಪಾರ್ಚ್‌ಮೆಂಟ್, ಕಣ ತುಂಬಿ, ಒಣಗಿ, ಮೂಟೆಯಾಗಿ ಲಾರಿ ಹತ್ತಿತು. ಸಾವ್ಕಾರರು ಕೊನೆಗೂ ಜೀಪಿನಿಂದ ಇಳಿದು ಮಂಜಯ್ಯನವರ ಬೆನ್ನು ತಟ್ಟಿದರು, ನನ್ನನ್ನು ನೋಡಿ ತಲೆಯಾಡಿಸಿದರು. ಒಂದು ಬೀಜವೂ ಕೆಡಲಿಲ್ಲ.

ಸಂಕ್ರಾಂತಿಯ ಮಾರನೆಯ ವಾರ ನಾನು ಪಲ್ಪರ್ ಮನೆಗೆ ಹೋಗಿ, ದಾನ ಕೊಡುವವನ ದನಿಯಲ್ಲಿ, ಭಾನುವಾರ ಬೀರೂರಿಗೆ ಹೋಗೋಣವೇ ಮಂಜಯ್ಯ ಎಂದೆ. ಅವರು ಕೈಯಲ್ಲಿದ್ದ ಸ್ಪಾನರನ್ನು ನಿಧಾನವಾಗಿ ಕೆಳಗಿಟ್ಟರು. ತಮಾಷೆ ಮಾಡಬೇಡಿ ಎಂದರು. ತಮಾಷೆಯಲ್ಲ ಎಂದೆ. ಪುಟ್ಟಮ್ಮನನ್ನು ಕರೆದು ಹೇಳಿದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು, ಸವತಿ ನೋಡಕ್ಕೆ ಹೊರಟ್ರಲ್ಲ, ಕ್ಷೌರನಾದ್ರೂ ಮಾಡಿಸ್ಕಳಿ ಎಂದಳು.

ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಿಂತಿದ್ದರು. ಕೈಯಲ್ಲಿ ಬಟ್ಟೆಚೀಲ. ಅದರಲ್ಲಿ ಪುಟ್ಟಮ್ಮ ಕಟ್ಟಿದ ಸೇವಂತಿಗೆ ಹಾರ, ಎರಡು ನಿಂಬೆಹಣ್ಣು, ತುಕ್ಕು ಒರೆಸಲು ಸೀಮೆಎಣ್ಣೆಯ ಸಣ್ಣ ಬಾಟಲಿ. ನನ್ನ ಕೊರಳಲ್ಲಿ ಸ್ಟುಡಿಯೋದವನ ಕ್ಯಾಮೆರಾ. ದಾರಿಯುದ್ದಕ್ಕೂ ಮಾತಾಡಿದರು. ಶಿವಮೊಗ್ಗದ ಏರಿನಲ್ಲಿ ಹದಿನೇಳು ಹೇಗೆ ಹಟ ಮಾಡುತ್ತಿತ್ತು, ಎಲ್ಲಿ ಎಷ್ಟು ಸಲಿಕೆ ಹಾಕಿದರೆ ಒಲಿಯುತ್ತಿತ್ತು, ಸೀಟಿ ಉಳಿದವುಗಳಿಗಿಂತ ಹೇಗೆ ಒಂದು ಸ್ವರ ಕೆಳಗೆ. ಕಡೂರು ದಾಟಿದ ಮೇಲೆ ಮಾತು ನಿಲ್ಲಿಸಿ ಕಿಟಕಿಯ ಕಡೆ ತಿರುಗಿದರು. ನಾನು ಮನಸ್ಸಿನಲ್ಲೇ ಪುಟದ ಎರಡನೆಯ ಪ್ಯಾರಾ ಬರೆಯುತ್ತಿದ್ದೆ.

ರಾಮಣ್ಣ ಪಾರ್ಸೆಲ್ ಆಫೀಸಿನ ಬಾಗಿಲಲ್ಲೇ ಸಿಕ್ಕಿದ. ನಾನು ಪರಿಚಯ ಮಾಡಿಕೊಟ್ಟೆ. ಅವನು ಮಂಜಯ್ಯನವರ ಕೈ ಹಿಡಿದು, ನನ್ನ ಮುಖ ನೋಡಿ, ಮತ್ತೆ ಅವರ ಕೈಯ ಚೀಲ ನೋಡಿದ.

"ಈಗ ಬಂದ್ರಾ?" ಎಂದ. "ಕತ್ರಿಸಿ ತಿಂಗಳ ಮೇಲಾತಲ್ರೀ. ಹೇಳಿದ್ದಕ್ಕಿಂತ ಮೊದ್ಲೇ ಶುರು ಮಾಡಿ ಮುಗಿಸಿಬಿಟ್ರು. ಹಬ್ಬಕ್ಕೆ ಮುಂಚೆ ಚೂರೂ ಉಳಿಲಿಲ್ಲ."

ಮಂಜಯ್ಯನವರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಹದಿನೇಳಾ ಎಂದು ಕೇಳಿದರು. ಹೌದು ಎಂದ ರಾಮಣ್ಣ. ಅವನಿಗೆ ತನ್ನ ಮೇಲೆ ತಪ್ಪು ಬರಬಾರದೆಂಬ ಆತುರ. ಅದು ನ್ಯಾಯವೇ.

"ನಾನು ರೈಟ್ರಿಗೆ ಆಗ್ಲೇ ಕಾರ್ಡ್ ಹಾಕಿದ್ನಲ್ಲ. ನಿಮಗೆ ತಿಳಿಸಿ ಅಂತ್ಲೂ ಬರ್ದಿದ್ದೆ. ಇವ್ರು ಪೇಪರಿಗೂ ಹಾಕಿದ್ರು, ನಾನೇ ಓದಿದೀನಿ."

ನಾನು ಕ್ಯಾಮೆರಾದ ಪಟ್ಟಿಯನ್ನು ಸರಿಮಾಡಿಕೊಂಡೆ. ಆ ಗಳಿಗೆಯಲ್ಲಿ ನನಗೆ ಮಾಡಲು ತೋಚಿದ ಕೆಲಸ ಅದೊಂದೇ. ಮಂಜಯ್ಯನವರು ನನ್ನ ಕಡೆ ತಿರುಗಲಿಲ್ಲ. ಅದು ಎಲ್ಲಿ ನಿಂತಿತ್ತು ಎಂದು ರಾಮಣ್ಣನನ್ನು ಕೇಳಿದರು. ಅವನು ಯಾರ್ಡಿನ ಆಚೆ ಮೂಲೆಗೆ ಕೈ ತೋರಿಸಿ, ಅಲ್ಲೆಲ್ಲೋ, ಹಳಿಯನ್ನೂ ಕಿತ್ತಿದ್ದಾರೆ ಎಂದ. ಮೂವರೂ ನಡೆದೆವು. ಹೊಸ ಜಲ್ಲಿಯ ರಾಶಿಗಳು, ಹೊಸ ಸಿಮೆಂಟ್ ದಿಮ್ಮಿಗಳು. ಒಂದು ಕಡೆ ನೆಲ ಉದ್ದಕ್ಕೆ ಕಪ್ಪಗಿತ್ತು. ಅದು ಹದಿನೇಳರ ಎಣ್ಣೆಯೋ ಬೇರೆ ಯಾವುದರದ್ದೋ ಹೇಳಲು ಬರುವಂತಿರಲಿಲ್ಲ. ಮಂಜಯ್ಯನವರು ಆ ಕಪ್ಪು ನೆಲದ ಸುತ್ತ ಒಂದು ಸಲ ನಡೆದರು. ಬಗ್ಗಬಹುದೆಂದು ನಾನು ಕಾದೆ. ಬಗ್ಗಲಿಲ್ಲ. ಮುಟ್ಟಲು ಅಲ್ಲಿ ಏನೂ ಇರಲಿಲ್ಲ.

ವಾಪಸು ಬಂದು ಪಾರ್ಸೆಲ್ ಆಫೀಸಿನ ಗೋಡೆಯ ಮೇಲಿದ್ದ ಗಣಪತಿಯ ಪಟಕ್ಕೆ ಹಾರ ಹಾಕಿದರು. ಪಟ ಸಣ್ಣದು, ಹಾರ ಇಂಜಿನ್ನಿನ ಅಳತೆಗೆ ಕಟ್ಟಿದ್ದು. ಎರಡು ಸುತ್ತು ಸುತ್ತಿದರೂ ನೆಲಕ್ಕೆ ಇಳಿಬಿತ್ತು. ನಿಂಬೆಹಣ್ಣನ್ನು ರಾಮಣ್ಣನ ಮೇಜಿನ ಮೇಲಿಟ್ಟರು. ಸೀಮೆಎಣ್ಣೆ ಬಾಟಲಿ ಚೀಲದಲ್ಲೇ ಉಳಿಯಿತು.

ಹೋಗಿ ಒಂದು ರಾತ್ರಿ ಉಳಿದು ಬರುವುದೆಂದು ಲೆಕ್ಕ ಹಾಕಿದ್ದೆವು. ಉಳಿಯಲು ಕಾರಣವಿರಲಿಲ್ಲವಾಗಿ ಮಧ್ಯಾಹ್ನದ ಬಸ್ಸಿಗೇ ಹೊರಟೆವು. ಚಿಕ್ಕಮಗಳೂರಿನಲ್ಲಿ ಇಳಿದೆವು. ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುವಾಗ ನಾನು, ತಪ್ಪಾಯ್ತು ಮಂಜಯ್ಯ, ಪಲ್ಪರ್ ನಿಲ್ಲುತ್ತದಲ್ಲ ಅಂತ ಎಂದು ಶುರುಮಾಡಿದೆ. ಕ್ಯಾಮೆರಾದ ವಿಷಯ ಹೇಳಲಿಲ್ಲ. ಅದು ಕೊರಳಲ್ಲೇ ನೇತಾಡುತ್ತಿತ್ತು. ಅವರು ಅದನ್ನು ಒಮ್ಮೆ ನೋಡಿದ್ದರು.

"ಯಾವ ವಾರದ ಪೇಪರು?" ಎಂದು ಕೇಳಿದರು.

ಹೇಳಿದೆ. ಅವರು ಯೋಚಿಸಿದರು.

"ಮಳೆ ಬಂದ ವಾರ. ಅವತ್ತು ಹಣ್ಣು ಬಾಗ್ಲು ತನಕ ಬಿದ್ದಿತ್ತು." ಲೋಟ ಕೆಳಗಿಟ್ಟರು. "ಹೇಳಿದ್ರೆ ನಾನೇ ಹೋಗ್ತಿರ್ಲಿಲ್ಲ ರೈಟ್ರೆ. ಅಷ್ಟು ಹಣ್ಣು ಬಿಟ್ಟು ಹೆಂಗೆ ಹೋಗದು? ಹೋಗಲ್ಲ ಅಂತ ನಾನು ಹೇಳ್ತಿದ್ದೆ. ಅದನ್ನ ನಾನು ಹೇಳ್ಬೇಕಿತ್ತು."

ಈ ಮಾತನ್ನು ಅವರು ನನಗೆ ಸಮಾಧಾನ ಹೇಳಲು ಆಡಿದರೋ, ಕಪಾಳಕ್ಕೆ ಹೊಡೆಯಲು ಆಡಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ದನಿ ಎರಡಕ್ಕೂ ಹೊಂದುವಂತಿತ್ತು. ಮೂಡಿಗೆರೆ ಬಸ್ಸು ಬಂತು. ಸೀಟು ಎರಡು ಬೇರೆ ಬೇರೆ ಕಡೆ ಸಿಕ್ಕಿತು. ಅದಕ್ಕಾಗಿ ಕಂಡಕ್ಟರನಿಗೆ ನಾನು ಇಂದಿಗೂ ಋಣಿ.

ಆ ವಾರದ ಕಾಲಮ್ಮಿನಲ್ಲಿ ಇಂಜಿನ್ನು ಕತ್ತರಿಸಿದ ಸುದ್ದಿಯನ್ನು ಬರೆಯಬೇಕಾಗಿತ್ತು. ಬರೆಯಲಿಲ್ಲ. ಸಕಲೇಶಪುರದ ಗಾಡಿಗಳ ವೇಳಾಪಟ್ಟಿ ಕೊಟ್ಟೆ. ಶುಕ್ರವಾರ ಊಟ ಮುಗಿಸಿ ಪತ್ರಿಕೆ ಹಿಡಿದು ಕಣದ ಕಟ್ಟೆಯ ಮೇಲೆ ಕೂತೆ. ಪಲ್ಪರ್ ಮನೆಯೊಳಗೆ ಮಂಜಯ್ಯನವರು ಯಂತ್ರ ಬಿಚ್ಚಿ ಮಳೆಗಾಲಕ್ಕೆ ಎಣ್ಣೆ ಸವರುತ್ತಿದ್ದ ಸದ್ದು ಕೇಳುತ್ತಿತ್ತು. ಎರಡು ಗಂಟೆಯವರೆಗೆ ಕೂತಿದ್ದೆ. ಮುಂದಿನ ಶುಕ್ರವಾರವೂ ಕೂತೆ. ದಾರಿಯಲ್ಲಿ ಸಿಕ್ಕಾಗ ಅವರು ಮೊದಲಿನಂತೆಯೇ ನಮಸ್ಕಾರ ರೈಟ್ರೆ ಎನ್ನುತ್ತಿದ್ದರು. ಹಾಜರಿಗೆ ಬಂದಾಗ ಮಳೆಯ ಬಗ್ಗೆ, ಬೋಲ್ಟುಗಳ ಬಗ್ಗೆ ಮಾತಾಡುತ್ತಿದ್ದರು. ರೈಲಿನ ಮಾತು ಬರಲಿಲ್ಲ. ಪುಟ್ಟಮ್ಮ ಒಂದು ದಿನ ನನ್ನ ಹೆಂಡತಿಯ ಹತ್ತಿರ, ರೈಟ್ರು ಬ್ಯಾಸರ ಮಾಡ್ಕಬಾರ್ದು, ಅವ್ರಿಗೆ ಈಗ ಕಿವಿನೂ ಸ್ವಲ್ಪ ಮಂದ ಎಂದಳಂತೆ. ಪಲ್ಪರಿನ ಸದ್ದನ್ನು ಹೊರಗಿನಿಂದಲೇ ಕೇಳಿ ಬಿಗಿ ಹೇಳುವವರ ಕಿವಿ ಮಂದವೆಂದು ನಾವು ನಾಲ್ಕು ಜನವೂ ಒಪ್ಪಿಕೊಂಡೆವು.

ಮಂಜಯ್ಯನವರು ನಮ್ಮ ಎಸ್ಟೇಟಿನಲ್ಲಿ ಆಮೇಲೆ ನಾಲ್ಕು ಹಂಗಾಮು ಪಲ್ಪರ್ ನಡೆಸಿದರು. ಪತ್ರಿಕೆ ಓದಿಸಿಕೊಳ್ಳಲು ಬರಲಿಲ್ಲ.